ಚಪ್ಪಲಿ ಬಿಟ್ಟು ಕಾರು ಹತ್ತಿದ ತಾಂಡೇಲರು

ನಾನು ಬಾಗಿಲು ತೆರೆದು ಹಿಡಿದರೂ ಅವರು ಕಾರಿನೊಳಗೆ ಕೂರಲಿಲ್ಲ. ರಸ್ತೆಯಂಚಿಗೆ ಹೋಗಿ ಎರಡೂ ಚಪ್ಪಲಿ ಬಿಟ್ಟು ಪಕ್ಕಪಕ್ಕದಲ್ಲಿ ಇಟ್ಟರು. ತಿರುಗಿ ಬಂದು ಬಾಗಿಲ ಕೆಳಗಿನ ತಗಡನ್ನು ಬಲಗೈಯಿಂದ ಮುಟ್ಟಿ ಹಣೆಗೆ ಒತ್ತಿಕೊಂಡರು. ಆಮೇಲೆ ಬರಿಗಾಲಲ್ಲಿ ಹತ್ತಿ ಸ್ಟೇರಿಂಗ್ ಮುಂದೆ ನೆಟ್ಟಗೆ ಕೂತರು.

"ಚಪ್ಪಲಿ ಯಂತಕೆ ಬಿಟ್ರಿ ತಾಂಡೇಲ್ರೆ?" ಎಂದೆ.

"ಹೊಟ್ಟೆಗೆ ಕೊಡೂ ವಸ್ತು ಅಲ್ವೋ ಅಕ್ಕೋರೆ. ದೋಣಿಗೆ ಯಾರಾದ್ರೂ ಚಪ್ಪಲಿ ಹಾಕ್ಕಂಡೆ ಹತ್ತೂದುಂಟೆ?"

"ಇದು ದೋಣಿ ಅಲ್ಲ, ಕಾರು."

"ನಂಗೆ ಎರಡೂ ಒಂದೇಯ" ಎಂದು ಅವರು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿಕೊಂಡರು. ಅಲ್ಲಿ ಅವರ ಹೆಂಡತಿ, ತಾನೇ ಪರೀಕ್ಷೆ ಮಾಡಲು ಬಂದವಳ ಹಾಗೆ, ಸೆರಗು ಬಿಗಿದು ಕೂತಿದ್ದಳು.

ನಾನು ಅಂಕೋಲೆಯಲ್ಲಿ ಡ್ರೈವಿಂಗ್ ಕಲಿಸುತ್ತಿದ್ದ ದಿನಗಳವು. ಹೆದ್ದಾರಿ ಇನ್ನೂ ಸಪೂರವಾಗಿತ್ತು. ಹುಬ್ಬಳ್ಳಿ ಕಡೆಯಿಂದ ಬರುವ ಅದಿರು ಲಾರಿಗಳು ದಾರಿಬದಿಯ ಮನೆ, ಮರ, ಎಮ್ಮೆ ಎಲ್ಲವನ್ನೂ ಕೆಂಪು ಮಾಡಿಬಿಟ್ಟಿದ್ದವು. ಹೆಂಗಸು ಕಲಿಸುತ್ತಾಳೆಂದು ನನ್ನ ಹತ್ತಿರ ಬರುವವರು ಹೆಚ್ಚಾಗಿ ಶಾಲೆಯಲ್ಲಿ ಕಲಿಸುವ ಅಕ್ಕೋರುಗಳು, ನರ್ಸುಗಳು. ಅವರನ್ನು ನೋಡಿ ನೋಡಿ ಊರೆಲ್ಲ ನನ್ನನ್ನೂ ಅಕ್ಕೋರು ಎಂದೇ ಕರೆಯುತ್ತಿತ್ತು. ನನ್ನ ಬಾಯಿ ಜೋರು, ಕಲಿಯುವವರು ಅತ್ತದ್ದೂ ಉಂಟು. ಪಕ್ಕದ ಮೀನುಗಾರರ ಊರು ಕೇಣಿಯಿಂದ ಒಬ್ಬ ತಾಂಡೇಲರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು, ತಲೆ ನರೆತ ಮೇಲೆ ಕಾರು ಕಲಿಯಲು ಬಂದದ್ದು ಅದೇ ಮೊದಲು.

ಬಂದದ್ದು ಹೆಂಡತಿಗಾಗಿ. ಅವಳು ಮದುವೆಯಾದಂದಿನಿಂದ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಅಗಸೂರಿನ ಸುತ್ತಲಿನ ಮನೆಗಳಿಗೆ ಹೋಗುತ್ತಿದ್ದಳು. ಅವು ಅತ್ತೆಯಿಂದ ಬಂದ ವರ್ತನೆಯ, ಅಂದರೆ ಕಾಯಂ ಗಿರಾಕಿಗಳ, ಮನೆಗಳು. ಅಲ್ಲಿಗೆ ಬೇರೆ ಮೀನಿನವರು ಹೋಗುತ್ತಿರಲಿಲ್ಲ. ತುಂಬಿದ ಬುಟ್ಟಿಯನ್ನು ಒಬ್ಬರೇ ಇಳಿಸಲು ಆಗುವುದಿಲ್ಲ. ಅಂಗಳದಲ್ಲಿ ನಿಂತು ಕರೆದರೆ ಮನೆಯವರು ಬಂದು ಕೈಕೊಟ್ಟು ಇಳಿಸಬೇಕು. ಆ ವರ್ಷ ಅವಳ ಕೈಗಳಿಗೆ ಜೋಮು ಹತ್ತತೊಡಗಿತು. ಕುತ್ತಿಗೆಯ ಮೂಳೆ ಸವೆದಿದೆ, ಇನ್ನು ತಲೆ ಮೇಲೆ ಒಂದು ಸೇರು ಭಾರವನ್ನೂ ಇಡಕೂಡದು ಎಂದು ಡಾಕ್ಟರು ಹೇಳಿಬಿಟ್ಟರು. ಗೋವೆಯಲ್ಲಿದ್ದ ಅವಳ ತಮ್ಮ ತನ್ನ ಹಳೆಯ ವ್ಯಾನು ತಂದು ಮನೆ ಮುಂದೆ ನಿಲ್ಲಿಸಿ ಹೋದ. ಓಡಿಸುವವರು ಇರಲಿಲ್ಲ.

ಮಳೆಗೆ ಮುಂಚೆ ಒಳನಾಡಿನ ಮನೆಗಳು ಒಣಮೀನು ತುಂಬಿಕೊಳ್ಳುತ್ತವೆ. ಆ ಒಂದು ಸಲ ಹೋಗದಿದ್ದರೆ ಬೈಕಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ತಿರುಗುವ ಹುಡುಗರು ಹೋಗುತ್ತಾರೆ, ವರ್ತನೆ ಅವರದಾಗುತ್ತದೆ. ಹೋಳಿ ಮುಗಿದಿತ್ತು. ಮಳೆ ಹಿಡಿಯುವುದರೊಳಗೆ ತಾಂಡೇಲರ ಕೈಗೆ ಲೈಸೆನ್ಸ್ ಬರಬೇಕಿತ್ತು.

ಶುರುವಿನಲ್ಲಿ ನನಗೆ ಖುಷಿಯೇ ಆಯಿತು. ಬೇರೆಯವರಿಗೆ ನಾನು ಗಂಟಲು ಹರಿದುಕೊಂಡು ಕಲಿಸುವ ಹಾಫ್ ಕ್ಲಚ್ ಅವರಿಗೆ ಮೊದಲ ದಿನವೇ ಬಂತು. ಎಂಜಿನ್ನಿನ ನಡುಕ ಬದಲಾಗುವುದು ಬರಿಯ ಅಂಗಾಲಿಗೇ ತಿಳಿಯುತ್ತಿತ್ತಂತೆ. ಹವಾಯಿ ಚಪ್ಪಲಿ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುವುದಕ್ಕಿಂತ ಬರಿಗಾಲೇ ವಾಸಿ ಎಂದು ನಾನೂ ಸುಮ್ಮನಿದ್ದೆ. ಪಾಠ ಮುಗಿದ ಮೇಲೆ ಮಾತ್ರ, ಹೊರಟ ಜಾಗದಲ್ಲಿ ಬಿಟ್ಟ ಚಪ್ಪಲಿಗಾಗಿ ಕಾರು ತಿರುಗಿಸಿಕೊಂಡು ಹೋಗಬೇಕಾಗುತ್ತಿತ್ತು.

ನಿಲ್ಲಿಸುವುದು ಕಷ್ಟವಾಯಿತು. ದೋಣಿಗೆ ಬ್ರೇಕ್ ಇಲ್ಲ. ಯಂತ್ರದ ವೇಗ ಇಳಿಸಿ, ದೋಣಿ ತಾನಾಗಿ ಹರಿದು ದಡ ಮುಟ್ಟುವವರೆಗೆ ಕಾಯುತ್ತಾರೆ. ಇವರೂ ತೆಂಗಿನಮರ ದೂರದಲ್ಲಿ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಕೈಕಟ್ಟಿಕೊಳ್ಳುವುದೊಂದು ಬಾಕಿ ಎಂಬಂತೆ, ಕಾಯುತ್ತಿದ್ದರು. ನನ್ನ ಕಡೆ ಇನ್ನೊಂದು ಜೊತೆ ಕ್ಲಚ್, ಬ್ರೇಕ್ ಇತ್ತಾದ್ದರಿಂದ ತೆಂಗಿನಮರಗಳು ಉಳಿದವು.

ಸ್ಟೇರಿಂಗ್‌ನದು ಇದಕ್ಕಿಂತ ದೊಡ್ಡ ತೊಂದರೆ. ದೋಣಿಯ ಹಿಂಬದಿ ಕೂತು ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿಯ ಮೂತಿ ಎಡಕ್ಕೆ ಹೊರಳುತ್ತದೆ. ಕಾರಿನಲ್ಲಿ ಬಲ ಎಂದರೆ ಬಲವೇ. ಇದು ಅವರಿಗೆ ಬಾಯಿಪಾಠ ಬರುತ್ತಿತ್ತು, ನಿಧಾನ ಹೋಗುವಾಗ ಕೈಯೂ ಸರಿಯಾಗಿ ಹೋಗುತ್ತಿತ್ತು. ಆದರೆ ನಾಯಿಯೋ ಸೈಕಲ್ಲೋ ಫಕ್ಕನೆ ಅಡ್ಡ ಬಂದರೆ ಕೈ ಉಲ್ಟಾ ತಿರುಗುತ್ತಿತ್ತು. ನಾನು ಬ್ರೇಕ್ ಒತ್ತಿ, ಸ್ಟೇರಿಂಗ್ ಹಿಡಿದೆಳೆದು, ಮನಸಾರೆ ಬೈಯುತ್ತಿದ್ದೆ. ಅವರು "ತಪ್ಪಾಯ್ತು ಅಕ್ಕೋರೆ" ಎನ್ನುತ್ತಿದ್ದರು. ಮರುದಿನ ಅದೇ ಆಗುತ್ತಿತ್ತು.

ಪರೀಕ್ಷೆಯ ಜಾಗ ತೋರಿಸೋಣವೆಂದು ಒಂದು ದಿನ ಕಾರವಾರದ ಕಡೆ ಹೊರಟೆವು. ಬಿಣಗಾ ದಾಟುವ ತಿರುವಿನಲ್ಲಿ ಲಾರಿಯೊಂದು ಬಸ್ಸನ್ನು ಹಿಂದೆ ಹಾಕುತ್ತ ನಮ್ಮ ಎದುರಿಗೇ ಬಂತು. ಎಡಕ್ಕೆ ಹೋಗಬೇಕು. ತಾಂಡೇಲರ ಕೈ ಬಲಕ್ಕೆ ಹೋಯಿತು. ಕಾರಿನ ಮೂತಿ ಲಾರಿಯ ಕಡೆಗೇ ತಿರುಗಿತು. ನಾನು ಎರಡೂ ಕೈಯಿಂದ ಸ್ಟೇರಿಂಗ್ ಎಳೆದೆ. ಕಾರು ರಸ್ತೆ ಬಿಟ್ಟು ಚರಂಡಿಯ ಅಂಚಿನಲ್ಲಿ ನಿಂತಿತು. ಲಾರಿಯ ಗಾಳಿಗೆ ನಮ್ಮ ಕಾರು ಅಲ್ಲಾಡಿದ್ದು ಈಗಲೂ ಮೈಯಲ್ಲಿ ನೆನಪಿದೆ.

ತಾಂಡೇಲರು ಇಳಿದು ಗಟಾರದ ಕಟ್ಟೆ ಮೇಲೆ ಕೂತು ತಮ್ಮ ಕೈಗಳನ್ನೇ ನೋಡುತ್ತಿದ್ದರು. "ನಾ ಎಡಕ್ಕೇ ತಿರಗ್ಸಿದ್ದೆ ಅಕ್ಕೋರೆ. ದೇವರಾಣಿ ಎಡಕ್ಕೇ ತಿರಗ್ಸಿದ್ದೆ. ಇನ್ ಸಾಕು. ಇವಳ್ನ ಕೂರ್ಸಕಂಡೆ ನಾ ಗಾಡಿ ಹೊಡೂದಿಲ್ಲ."

ಹೆಂಡತಿ ಹಿಂದಿನ ಸೀಟಿನಿಂದಲೇ ಹೇಳಿದಳು: "ನೀವು ಹೊಡೂದಿಲ್ದಿದ್ರೆ ನಾ ಬುಟ್ಟಿ ಹೊರೂದೇಯ. ಮಳೆಗೆ ಮೊದ್ಲು ನಾ ಅಗಸೂರಿಗೆ ಹೋಗೂದು ಹೋಗೂದೇ."

ಅವಳು ಹಾಗೆ ಮಾಡುವವಳೇ ಎಂದು ಮೂವರಿಗೂ ಗೊತ್ತಿತ್ತು.

ಆ ಭಾನುವಾರ ನಾನು ಬಸ್ಸು ಹತ್ತಿ ಕಾರವಾರಕ್ಕೆ ಹೋದೆ. ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸಿದ್ದ ಸರ್ ನಿವೃತ್ತರಾಗಿ ಅಲ್ಲೇ ಇದ್ದರು. ಸಂಜೆ ಸಮುದ್ರದ ದಂಡೆಯ ಗಾಳಿಮರಗಳ ಕೆಳಗೆ ತಿರುಗಾಡಲು ಬರುತ್ತಿದ್ದರು. ನಾನು ಎಲ್ಲ ಹೇಳಿದೆ. ಅವರು ನನ್ನ ತಲೆಯ ಹಿಂಭಾಗಕ್ಕೆ ಬೆರಳು ತೋರಿಸಿದರು.

"ಇಲ್ಲಿರುವುದಕ್ಕೆ ಏನೆಂದು ಹೆಸರು? ಪಾರಿವಾಳದ ಮೆದುಳಿನ ಚಿತ್ರದಲ್ಲಿ ಬಣ್ಣ ಹಚ್ಚಿಸಿದ್ದೆ."

"ಹಸಿರು ಬಣ್ಣ ಸರ್. ಅನುಮಸ್ತಿಷ್ಕ, ಚಿಕ್ಕ ಮೆದುಳು."

"ಬಣ್ಣ ಮೊದಲು ನೆನಪಾಯಿತಲ್ಲ, ನೀನು ಬದಲಾಗಲಿಲ್ಲ" ಎಂದು ನಕ್ಕರು. "ಎಡ ಯಾವುದು, ಬಲ ಯಾವುದು ಎಂದು ನಿನ್ನ ತಾಂಡೇಲರ ದೊಡ್ಡ ಮೆದುಳಿಗೆ ಗೊತ್ತು. ಹೆದರಿಕೆಯಾದಾಗ ಅದು ಯೋಚಿಸುವಷ್ಟು ಹೊತ್ತೇ ಇರುವುದಿಲ್ಲ. ಆಗ ಕೈ ನಡೆಸುವುದು ಇಷ್ಟು ವರ್ಷ ಅನುಮಸ್ತಿಷ್ಕ ಕಲಿತಿಟ್ಟದ್ದು."

ಮೊಲದ ಕಣ್ಣಿಗೆ ಮೆಲ್ಲಗೆ ಗಾಳಿ ಊದಿದರೆ ಅದು ರೆಪ್ಪೆ ಮುಚ್ಚುತ್ತದೆ. ಪ್ರತಿ ಸಲ ಊದುವ ಮೊದಲು ಒಂದು ಸದ್ದು ಮಾಡಿದರೆ, ಸ್ವಲ್ಪ ಕಾಲದ ನಂತರ ಬರೀ ಸದ್ದಿಗೇ, ಗಾಳಿ ತಲುಪುವ ಗಳಿಗೆಗೆ ಸರಿಯಾಗಿ, ರೆಪ್ಪೆ ಮುಚ್ಚುತ್ತದೆ. ಅನುಮಸ್ತಿಷ್ಕಕ್ಕೆ ಪೆಟ್ಟಾದ ಮೊಲ ಇದನ್ನು ಕಲಿಯಲಾರದು. ತರಗತಿಯಲ್ಲಿ ಬರೆದುಕೊಂಡು ಮರೆತಿದ್ದ ಪಾಠವನ್ನು ಸರ್ ಮರಳಿನ ಮೇಲೆ ನಡೆಯುತ್ತ ಮತ್ತೆ ಹೇಳಿದರು.

"ಅದು ಕಲಿಯುವುದು ತಪ್ಪಿನಿಂದ. ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಆ ವ್ಯತ್ಯಾಸದ ಸುದ್ದಿ ಅಲ್ಲಿಗೆ ಮುಟ್ಟಬೇಕು. ನೀನು ಏನು ಮಾಡುತ್ತಿದ್ದೀ? ತಪ್ಪು ಪೂರ್ತಿಯಾಗುವ ಮೊದಲೇ ಬ್ರೇಕ್ ಒತ್ತುತ್ತೀ. ಆ ಮನುಷ್ಯನಿಗೆ ಸುದ್ದಿಯೇ ಹೋಗುವುದಿಲ್ಲ."

"ಒತ್ತದಿದ್ದರೆ ನಾವು ಇರುವುದಿಲ್ಲ ಸರ್."

"ಹಾಗಾದರೆ ತಪ್ಪು ಮಾಡಿದರೂ ಯಾರೂ ಸಾಯದ ಜಾಗ ಹುಡುಕು."

ಚುಕ್ಕಾಣಿ ಹಿಡಿಯುವುದನ್ನು ನಿಲ್ಲಿಸಬೇಕೇ ಎಂದು ಕೇಳಿದೆ. "ಹಳೆಯ ಕಲಿಕೆ ಹಾಗೆಲ್ಲ ಅಳಿಸಿ ಹೋಗುವುದಿಲ್ಲ. ಆದರೆ ಎರಡು ಕಲಿಕೆ ಒಟ್ಟಿಗೆ ಇರಬಾರದೆಂದೇನೂ ಇಲ್ಲ. ನೀನು ಮನೆಯಲ್ಲಿ ಕೊಂಕಣಿ ಆಡುತ್ತೀ, ಹೊಸ್ತಿಲು ದಾಟಿದರೆ ಕನ್ನಡ. ನಾಲಗೆ ತಾನೇ ಬದಲಾಗುತ್ತದೆ. ನಿನ್ನ ತಾಂಡೇಲರಿಗೂ ಅಂಥ ಒಂದು ಹೊಸ್ತಿಲು ಬೇಕಾಗಬಹುದು. ಅದು ಯಾವುದೆಂದು ನನಗೆ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ಸುಲಭದ ದಾರಿ ಮೊದಲು ನೋಡೋಣವೆಂದು, ಕಲಿಯುವಷ್ಟು ದಿನ ಚುಕ್ಕಾಣಿ ಬಿಡಿ ಎಂದೆ. ತಾಂಡೇಲರ ಮುಖ ಸಣ್ಣದಾಯಿತು. ಆದರೂ ದೋಣಿಯಲ್ಲಿ ಜೊತೆಗಿರುತ್ತಿದ್ದ ತಮ್ಮನ ಕೈಗೆ ಚುಕ್ಕಾಣಿ ಕೊಟ್ಟು ಕೆಲವು ದಿನ ದೋಣಿಯ ಮೂತಿಯಲ್ಲಿ ಕೂತರು. ಆಮೇಲೆ ಬಂದು, "ಇದು ಆಗೂದಲ್ಲ ಅಕ್ಕೋರೆ. ಮುಂದೆ ಕೂತ್ರೂ ತೆರೆ ಬಂದ್ ಕೂಡ್ಲೆ ಕೈ ತಿರಗ್ತದೆ. ಹಿಡೂಕೆ ಯಂತದೂ ಇಲ್ಲ, ಆದ್ರೂ ತಿರಗ್ತದೆ. ಎಲ್ಲರೂ ನಗ್ತ್ರು" ಎಂದರು. ದೋಣಿಯಲ್ಲಿ ಕೂತಷ್ಟು ಹೊತ್ತು ಅವರ ಮೈ ದೋಣಿ ನಡೆಸುತ್ತಲೇ ಇತ್ತು. ಚುಕ್ಕಾಣಿ ಮತ್ತೆ ಅವರ ಕೈಗೆ ಹೋಯಿತು.

ಯಾರೂ ಸಾಯದ ಜಾಗ ಸುಲಭವಾಗಿ ಸಿಕ್ಕಿತು. ಅಂಕೋಲೆಯ ಆಚೆ ಕೊಯ್ಲಾದ ಗದ್ದೆಬಯಲು, ಅಂಚಿಗೆ ಒಂದು ಗೇರುಮರ, ಅದರ ಪಕ್ಕ ಎತ್ತರಕ್ಕೆ ಒಟ್ಟಿದ ಹುಲ್ಲಿನ ಕುತ್ರಿ. ಹೆಂಡತಿ ಮನೆಯಿಂದ ತೂತು ಬಿದ್ದ ಹಳೆಯ ಬುಟ್ಟಿಗಳನ್ನೂ, ಸೈಕಲ್ಲಿನ ಮೀನಿನವರು ಒತ್ತುವ ರಬ್ಬರಿನ ಹಾರ್ನನ್ನೂ ತಂದಳು. ಅವಳು ಕುತ್ರಿಯ ಮರೆಯಲ್ಲಿ ಕೂರುವುದು. ಕಾರು ಹತ್ತಿರ ಬಂದಾಗ ಪೋಂ ಎಂದು ಹಾರ್ನ್ ಒತ್ತಿ, ಬೆನ್ನಿಗೇ ಖಾಲಿ ಬುಟ್ಟಿ ಉರುಳಿಸಿ ಬಿಡುವುದು. ಅವರು ಎಡಕ್ಕೆ ತಿರುಗಿಸಿ ಬ್ರೇಕ್ ಒತ್ತಬೇಕು. ನಾನು ನನ್ನ ಪೆಡಲುಗಳಿಂದ ಕಾಲು ತೆಗೆದು ಸೀಟಿನ ಮೇಲೆ ಮಡಚಿ ಕೂತೆ. ಅಷ್ಟು ದಿನದ ಅಭ್ಯಾಸಕ್ಕೆ ನನ್ನ ಕಾಲೂ ಬ್ರೇಕ್ ಹುಡುಕುತ್ತ ಒದ್ದಾಡುತ್ತಿತ್ತು.

ಬುಟ್ಟಿಗಳು ಒಂದರ ಹಿಂದೊಂದು ಅಪ್ಪಚ್ಚಿಯಾದವು. ಬುಟ್ಟಿ ಮುರಿದಾಗಲೆಲ್ಲ ಅವಳು ಮರೆಯಿಂದ ಎದ್ದು, "ನಾನೇ ಸತ್ತೆ ನೋಡಿ ಈಗ" ಎನ್ನುವಳು. ನಾನು ಬೈದದ್ದಕ್ಕಿಂತ ಆ ಮಾತು ಹೆಚ್ಚು ನಾಟುತ್ತಿತ್ತು. ಕೆಲವು ದಿನಕ್ಕೆ ಅರ್ಧಕ್ಕರ್ಧ ಬುಟ್ಟಿಗಳು ಉಳಿಯತೊಡಗಿದವು. ಆದರೆ ಅಲ್ಲಿಗೆ ನಿಂತುಹೋಯಿತು. ಅರ್ಧ ಉಳಿಯುವುದೆಂದರೆ ಅರ್ಧ ಸಾಯುವುದು. ಹಗಲಿಗೆ ಮೋಡ ಕಟ್ಟತೊಡಗಿತ್ತು. ನನಗೆ ಕೈಚೆಲ್ಲುವ ಮನಸ್ಸಾಯಿತು.

ಆಗ ಒಂದು ಸಂಜೆ ಕಾರು ಹತ್ತುವ ಮುಂಚೆ ಅವರ ಅಂಗಾಲಿಗೆ ಭತ್ತದ ಕೂಳೆ ಹೊಕ್ಕಿತು. ಹೆಂಡತಿ ಹಳೆಯ ಪಂಚೆಯ ತುಂಡು ಹರಿದು ದಪ್ಪಕ್ಕೆ ಸುತ್ತಿ ಕಟ್ಟಿದಳು. ಒಂದೇ ಕಾಲಿಗೆ ಕಟ್ಟಿದರೆ ಎತ್ತರ ತಗ್ಗಾಗುತ್ತದೆಂದು ಇನ್ನೊಂದಕ್ಕೂ ಸುತ್ತಿಕೊಂಡು ಅವರು ಕಾರು ಹತ್ತಿದರು. ಕ್ಲಚ್ ಬಿಡಲು ಬಾರದೆ ಎಂಜಿನ್ ಮತ್ತೆ ಮತ್ತೆ ಬಂದ್ ಆಯಿತು, ಕಾರು ಕಪ್ಪೆಯ ಹಾಗೆ ಕುಪ್ಪಳಿಸಿತು. ಅಷ್ಟು ಕೆಟ್ಟದಾಗಿ ಅವರು ಎಂದೂ ಓಡಿಸಿರಲಿಲ್ಲ. ಆದರೆ ಆ ಸಂಜೆ ಒಂದು ಬುಟ್ಟಿಯೂ ಮುರಿಯಲಿಲ್ಲ. ಕೈ ಒಮ್ಮೆಯೂ ಉಲ್ಟಾ ಹೋಗಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ನನಗೆ ಹೊಳೆಯಿತು. ಬರಿಗಾಲು, ಕಾಲಡಿಯಲ್ಲಿ ಎಂಜಿನ್ನಿನ ನಡುಕ. ಅವರ ಮೈಗೆ ಅದೇ ದೋಣಿ. ಮೊಲಕ್ಕೆ ಸದ್ದು ಹೇಗೋ ಇವರಿಗೆ ಆ ನಡುಕ ಹಾಗೆ. ಅದು ಅಂಗಾಲಿಗೆ ಮುಟ್ಟಿದ ಕೂಡಲೇ ಚುಕ್ಕಾಣಿಯ ಕೈ ಎಚ್ಚರಾಗುತ್ತಿತ್ತು. ಸರ್ ಹೇಳಿದ ಹೊಸ್ತಿಲು ಕಾಲಡಿಯಲ್ಲೇ ಇತ್ತು. ನನ್ನ ಊಹೆ ಶಾಸ್ತ್ರಕ್ಕೆ ಸರಿಯೋ ಅಲ್ಲವೋ, ಬುಟ್ಟಿಗಳಂತೂ ಸಾಕ್ಷಿ ಹೇಳುತ್ತಿದ್ದವು. ಇನ್ನು ಮುಂದೆ ಬೂಟು ಹಾಕದೆ ಕಾರು ಮುಟ್ಟಬಾರದು ಎಂದು ಮರುದಿನವೇ ಹೇಳಿದೆ.

ತಾಂಡೇಲರು ಒಪ್ಪಲಿಲ್ಲ. ನಾನು ಏನು ಬೈದರೂ ತಲೆಬಾಗುತ್ತಿದ್ದವರು ಅಂದು ಮಾತ್ರ ನನ್ನನ್ನು ನೇರ ನೋಡಿ ಹೇಳಿದರು: "ಚುಕ್ಕಾಣಿ ಬಿಡಿ ಅಂದ್ರಿ, ಬಿಟ್ಟೆ. ಇದೊಂದು ಆಗೂದಿಲ್ಲ. ಅನ್ನ ಕೊಡೂದ್ರ ಮೇಲೆ ಬೂಟುಗಾಲು ಇಟ್ಟೆ ಅಂತಂದ್ರೆ ನಾಳಿಗೆ ಸಮುದ್ರಕ್ಕೆ ಯಾವ ಮುಖ ತೋರ್ಸೂದು?"

ಗದರಿಸಿ ಹೇಳುವ ವಿಷಯ ಅದಲ್ಲ. ಹೆಂಡತಿ ಬುಟ್ಟಿಯ ಸೀಳು ಕಟ್ಟುತ್ತ ಕೂತಿದ್ದವಳು ತಲೆ ಎತ್ತದೆ ಕೇಳಿದಳು: "ದೋಣಿಗೆ ನೀವು ಹೊಸ್ತು ನೀರಿಗಿಳಿಸೂವಾಗ ಪೂಜೆ ಮಾಡ್ದ್ರಿ, ಕಾಯಿ ಒಡದ್ರಿ. ಈ ಕಾರಿಗೆ ಯಾರು ಮಾಡಾರೆ?"

"ಯಾರೂ ಮಾಡ್ಲಿಲ್ಲ."

"ಮತ್ತೆ? ದೋಣೀಲಿ ದೇವಿ ಇದ್ಲು, ಚಪ್ಪಲಿ ಬಿಡ್ವ. ಇದ್ರಲ್ಲಿ ಇರೂದು ಪೆಟ್ರೋಲು. ಮೊದ್ಲು ಬರಿಗಾಲಲ್ಲಿ ನಿಂತೆ ಕೈ ಮುಗೀರಿ, ಆಮೇಲೆ ಬೂಟು ಹಾಕ್ಕಳ್ರಿ. ಪಾಪ ಬಂದ್ರೆ ನನ್ ತಲೆ ಮೇಲಿರ್ಲಿ. ಹ್ಯಾಂಗೂ ಅದು ಖಾಲಿ ಅದೆ."

ಆ ಕಡೆಯ ಮಾತಿಗೆ ಅವರು ಸೋತರು. ಅಂಕೋಲೆಯ ಪೇಟೆಯಿಂದ ದಪ್ಪ ತಳದ ಬಿಳಿ ಕ್ಯಾನ್ವಾಸ್ ಬೂಟು ಬಂತು. ಅದನ್ನು ಹಾಕಿಕೊಂಡು ಅವರು ಗದ್ದೆಯಲ್ಲಿ ಕೊಕ್ಕರೆಯ ಹಾಗೆ ಕಾಲೆತ್ತಿ ನಡೆದದ್ದನ್ನು ನೋಡಿ ನಾವಿಬ್ಬರೂ ನಕ್ಕು ನಕ್ಕು ಸಾಕಾಯಿತು. ಮೊದಲ ದಿನ ಬಂದಿದ್ದ ಹಾಫ್ ಕ್ಲಚ್ ಈಗ ಬರಲಿಲ್ಲ. ಅದನ್ನು ಅಂಗಾಲು ಕಲಿತಿತ್ತು, ಅಂಗಾಲಿಗೆ ಈಗ ಏನೂ ಕೇಳುತ್ತಿರಲಿಲ್ಲ. ಎಲ್ಲವನ್ನೂ ಅ ಆ ಇ ಈಯಿಂದ ಕಲಿಸಿದೆ. ದಿನಗಳು ಸರಿಯುತ್ತಿದ್ದವು, ಆದರೆ ಕೈ ಉಲ್ಟಾ ಹೋಗುವುದು ಕಡಿಮೆಯಾಗುತ್ತ ಬಂದು ಕೊನೆಗೆ ಇಲ್ಲವೇ ಆಯಿತು. ಬೆಳಿಗ್ಗೆ ಬರಿಗಾಲಲ್ಲಿ ದೋಣಿ, ಸಂಜೆ ಬೂಟುಗಾಲಲ್ಲಿ ಕಾರು. ಒಂದರ ಗಾಳಿ ಇನ್ನೊಂದಕ್ಕೆ ತಾಗಲಿಲ್ಲ.

ಒಂದು ದಿನ ಹಾರ್ನ್ ಕೇಳಿತು, ಬುಟ್ಟಿ ಬರಲಿಲ್ಲ. ಹೆಂಡತಿ ಗೇರುಹಣ್ಣು ತಿನ್ನುತ್ತ ಉರುಳಿಸಲು ಮರೆತಿದ್ದಳು. ಆದರೆ ಕಾರು ಆಗಲೇ ಎಡಕ್ಕೆ ಸರಿದು ನಿಂತಿತ್ತು. ತಾಂಡೇಲರು ಬುಟ್ಟಿಗಾಗಿ ಹುಡುಕುತ್ತಿದ್ದರು.

"ಮೊಲ ಕಣ್ಣು ಮುಚ್ಚಿತು" ಎಂದೆ ನಾನು.

"ಯಾವ ಮೊಲ?" ಎಂದು ಅವರು ಗದ್ದೆಯೆಲ್ಲ ನೋಡಿದರು.

ಕಾರವಾರದ ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ನನಗೆ ಭಯವಿದ್ದದ್ದು ಅದರ ನಂತರದ್ದಕ್ಕೆ. ಅವರ ವ್ಯಾನಿನಲ್ಲಿ ನನ್ನ ಕಡೆ ಪೆಡಲುಗಳಿರಲಿಲ್ಲ. ಮೋಡ ಇಳಿದ ಒಂದು ಬೆಳಿಗ್ಗೆ ಹಿಂದೆ ಒಣಮೀನಿನ ಮೂಟೆಗಳು, ಅವುಗಳ ನಡುವೆ ಹೆಂಡತಿ, ಮುಂದೆ ನಾವಿಬ್ಬರು ಅಗಸೂರಿಗೆ ಹೊರಟೆವು. ನಾನೂ ಬರುತ್ತೇನೆಂದು ಹಟ ಮಾಡಿದ್ದೆ. ಅವರು ವ್ಯಾನಿಗೆ ಕೈ ಮುಗಿದು, ಬೂಟಿನ ದಾರ ಬಿಗಿದು ಕೂತರು.

ದಾರಿಯಲ್ಲಿ ಅದಿರು ಲಾರಿಗಳ ಸಾಲು. ಒಂದು ತಿರುವಿನಲ್ಲಿ ಭಾರಿ ಹಾರ್ನ್ ಕೇಳಿತು, ಸಾಲು ತಪ್ಪಿಸಿ ಒಂದು ಲಾರಿ ನಮ್ಮ ಎದುರು ಬಂತು. ನನ್ನ ಕೈ ಸ್ಟೇರಿಂಗ್ ಕಡೆ ಹೋದದ್ದು ನಿಜ. ಮುಟ್ಟುವ ಮೊದಲೇ ವ್ಯಾನು ಎಡಕ್ಕೆ ಹೊರಳಿ ಕೆಂಪು ಮಣ್ಣಿನ ಮೇಲೆ ನಿಂತಿತ್ತು. ಲಾರಿ ಹೋದ ಮೇಲೆ ತಾಂಡೇಲರು ಸ್ಟೇರಿಂಗ್‌ನಿಂದ ಕೈ ತೆಗೆದು ಎರಡೂ ಅಂಗೈ ನೋಡಿಕೊಂಡರು. ಹಿಂದಿನಿಂದ ಅವಳು, "ಯಂತಾ ಆಯ್ತು? ಹೊಡೀರಿ, ಹೊತ್ತಾಯ್ತು" ಎಂದಳು. ಇಷ್ಟು ಜನಕ್ಕೆ ಕಲಿಸಿದ್ದರಲ್ಲಿ ಅಷ್ಟು ಸಂತೋಷ ನನಗೆ ಇನ್ನೆಂದೂ ಆದದ್ದಿಲ್ಲ.

ಅಗಸೂರಿನ ಮೊದಲ ಮನೆಯ ಬೇಲಿಬಾಗಿಲ ದಣಪೆಯ ಹತ್ತಿರ ವ್ಯಾನು ನಿಂತಿತು. ಅವಳು ಇಳಿದು ಮುಂದೆ ನಡೆದಳು. ಕುತ್ತಿಗೆ ನೆಟ್ಟಗಿತ್ತು. ಹೆಂಚಿನ ಮಾಡಿನ ತಗ್ಗಿದ ಇಳಿಜಾರು ಬಂದಾಗ ತಲೆ ತಗ್ಗಿಸದೆ ಮೊಣಕಾಲು ಮಡಚಿ ಒಳಸರಿದಳು. ಬಲಗೈ ಮೇಲಕ್ಕೆ ಹೋಗಿ ತಲೆಯ ಪಕ್ಕದಲ್ಲಿ ಇಲ್ಲದ ಬುಟ್ಟಿಯ ಅಂಚನ್ನು ಹಿಡಿದಿತ್ತು. "ಅಮ್ಮಾ, ಮೀನು ಬಂತ್ರೇ, ಕೈ ಕೊಡೀರೇ" ಎಂದು ಕೂಗಿದಳು.

ಒಳಗಿನಿಂದ ಆ ಮನೆಯ ಮುದುಕಿ ಸೊಂಟ ಹಿಡಿದುಕೊಂಡು ಬಂದಳು. ಅಭ್ಯಾಸದಂತೆ, ಮುಖವನ್ನೂ ಸರಿಯಾಗಿ ನೋಡದೆ, ಬುಟ್ಟಿ ಇಳಿಸಲು ಎರಡೂ ಕೈ ಎತ್ತಿದಳು. ಇಬ್ಬರೂ ಎದುರುಬದುರು ಕೈ ಎತ್ತಿ ನಿಂತರು. ನಡುವೆ ಏನೂ ಇರಲಿಲ್ಲ.

ಹೆಗಲಿಗೆ ಮೂಟೆ ಹೊತ್ತು ಬರುತ್ತಿದ್ದ ತಾಂಡೇಲರು ದಣಪೆಯ ಹತ್ತಿರವೇ ನಿಂತರು. "ನಿಂಗೆ ಯಾವ ಬೂಟು ಹಾಕ್ಸೂದೇ ಈಗ?" ಎಂದರು.

ಅವಳು ತನ್ನ ಎತ್ತಿದ ಕೈ ನೋಡಿಕೊಂಡು ನಗಲು ಹೊರಟವಳು ಅತ್ತುಬಿಟ್ಟಳು. ಮುದುಕಿಗೆ ಏನೂ ಅರ್ಥವಾಗಲಿಲ್ಲ. ಎತ್ತಿದ ಕೈಗಳನ್ನು ಸುಮ್ಮನೆ ಇಳಿಸಲು ಮನಸ್ಸಾಗದೆ, ಬುಟ್ಟಿ ಇರಬೇಕಾದ ಜಾಗದಲ್ಲಿ, ಅವಳ ಬರಿಯ ತಲೆಯ ಮೇಲೆ ಇಟ್ಟಳು.